ಖಾಲಿ ಬಿದ್ದಿದ್ದ ಹೆಸರು

ಲಂಡನ್ನಿನ ಟೂಟಿಂಗಿನಲ್ಲಿ ದೋಸೆ ಹೋಟೆಲಿನಿಂದ ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತಿದ್ದಾಗ ಹಿಂದಿನಿಂದ ಯಾರೋ ಹುಡುಗಿ "ಮಿಸ್ ಹುನಗುಂದ್! ಮಿಸ್!" ಎಂದು ಕೂಗಿದಳು. ಇಬ್ಬರು ಹೆಂಗಸರು ಒಟ್ಟಿಗೇ ತಿರುಗಿದರು.

ಒಬ್ಬಳು ಭುವನೇಶ್ವರಿ. ಹುನಗುಂದ ಎಂಬುದು ಅವಳ ತವರಿನ ಅಡ್ಡಹೆಸರು. ಧಾರವಾಡದಲ್ಲಿ ಅವಳ ಅಪ್ಪನನ್ನು ಹುನಗುಂದ ಮಾಸ್ತರ ಎಂದೇ ಓಣಿಗೆ ಓಣಿಯೇ ಕರೆಯುತ್ತಿತ್ತು. ಮದುವೆಯಾಗಿ ಲಂಡನ್ನಿಗೆ ಬಂದ ಮೇಲೆ ಆ ಹೆಸರು ಹಿಡಿದು ಅವಳನ್ನು ಯಾರೂ ಕರೆದದ್ದಿಲ್ಲ. ಆದರೂ ಕಿವಿಗೆ ಬಿದ್ದ ಕೂಡಲೇ ಕತ್ತು ತಾನಾಗಿ ತಿರುಗಿತ್ತು. ಇನ್ನೊಬ್ಬಳು ಅವಳ ಗಂಡನ ತಂಗಿ ಶಾಲ್ಮಲಾ. ಅವಳು ಗಲಗಲಿಯವರ ಮಗಳು. ಹುನಗುಂದ ಮನೆತನಕ್ಕೂ ಅವಳಿಗೂ ಇದ್ದ ಸಂಬಂಧ ಇಷ್ಟೇ: ಅವಳ ಅಣ್ಣ ಆ ಮನೆಯ ಹೆಣ್ಣು ತಂದಿದ್ದ.

ಹುಡುಗಿ ಓಡಿ ಬಂದು ನಿಂತದ್ದು ಶಾಲ್ಮಲಾಳ ಮುಂದೆ. ಆಗಸ್ಟ್ ತಿಂಗಳು, ಪರೀಕ್ಷೆಯ ಫಲಿತಾಂಶ ಬಂದಿತ್ತು. ತನಗೆ ಗಣಿತದಲ್ಲಿ ಎ ಬಂದಿದೆ, ಎಲ್ಲ ನಿಮ್ಮಿಂದಲೇ ಮಿಸ್, ಎಂದು ಅವಳು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಶಾಲ್ಮಲಾ ಅವಳ ಭುಜ ತಟ್ಟಿ ನಕ್ಕಳು. ಹುಡುಗಿ ಹೋದ ಮೇಲೆ ಅತ್ತಿಗೆಯ ಮುಖ ನೋಡಿದಳು. ನಗು ಅಲ್ಲೇ ಮುಗಿಯಿತು.

ಶಾಲ್ಮಲಾ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ ಎಂದೇ ಭುವನೇಶ್ವರಿಗೆ ಮನೆಯವರೆಲ್ಲ ಹೇಳಿದ್ದರು. ಗಣಿತ ಕಲಿಸುತ್ತಾಳೆ ಎಂದಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಬಿ.ಎಸ್ಸಿ.ಯಲ್ಲಿ ಅದೇ ಗಣಿತಕ್ಕೆ ಮತ್ತೆ ಮತ್ತೆ ಡುಮ್ಕಿ ಹೊಡೆದು, ಕಾಲೇಜಿನ ಹೆಸರೆತ್ತಿದರೆ ಸಾಕು ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದವಳು ಈ ಶಾಲ್ಮಲಾ.

"ಆ ಹುಡುಗಿ ನಿನ್ನ ಯಾಕ ಹಂಗ ಕರದ್ಲು, ಶಾಲೂ?" ಭುವನೇಶ್ವರಿ ಕೇಳಿದಳು.

"ಏನೋ ಹುಡುಗ್ರು, ವೈನಿ. ಒಬ್ಬೊಬ್ರು ಒಂದೊಂದು ಹೆಸರು ಹಿಡಿದು ಕರೀತಾವ," ಎಂದಳು ಶಾಲ್ಮಲಾ. ಅಷ್ಟರಲ್ಲಿ ಭುವನೇಶ್ವರಿಯ ಗಂಡ ಲಕ್ಷ್ಮೀಶ ಮಗಳು ಅಂಕಿತಾಳನ್ನು ಕೂಡಿಸಿಕೊಂಡು ಕಾರು ತಂದು ನಿಲ್ಲಿಸಿದ. ಶಾಲ್ಮಲಾ ಅಣ್ಣನ ಕಿಟಕಿಗೆ ಬಾಗಿ ಅದೇನೋ ಪಿಸುಗುಟ್ಟಿ ತನ್ನ ಮನೆಯ ದಾರಿ ಹಿಡಿದಳು. ಕಿಂಗ್ಸ್‌ಬರಿಯ ಮನೆಯವರೆಗೂ ಲಕ್ಷ್ಮೀಶ ರೇಡಿಯೋ ಹಚ್ಚಲಿಲ್ಲ. ಸಿಗ್ನಲ್ಲಿಗೊಮ್ಮೆ ಯಾರನ್ನಾದರೂ ಬಯ್ಯದೆ ಕಾರು ಓಡಿಸಿದವನಲ್ಲ ಅವನು. ಅಂದು ಬಾಯಿಯನ್ನೇ ಬಿಡಲಿಲ್ಲ.

ಮನೆಗೆ ಬಂದು ಅಂಕಿತಾ ತನ್ನ ರೂಮು ಸೇರಿದ ಮೇಲೆ ಲಕ್ಷ್ಮೀಶ ತಾನಾಗಿಯೇ ಅಡುಗೆಮನೆಗೆ ಬಂದ. ಹೆಂಡತಿಗೆ ಕುರ್ಚಿ ಎಳೆದು ಹಾಕಿದ. ಈ ಮರ್ಯಾದೆಯೂ ಅವಳಿಗೆ ಹೊಸದು.

"ಭುವನಾ, ಶಾಂತ ಕೇಳು. ಶಾಲೂನ ವೀಸಾ ಅರ್ಜಿ ಎಲ್ಲಾ ರಿಜೆಕ್ಟ್ ಆಗಿದ್ವು. ನಿನಗ ಗೊತ್ತೇ ಅದ. ಆವಾಗ ಇಲ್ಲೆ ಗಣಿತ ಕಲಿಸವ್ರು ಬೇಕಾಗಿದ್ರು. ಇಂಡಿಯಾದಿಂದ ಕರಿಸ್ಕೊಳ್ಳಿಕ್ಕೆ ಹತ್ತಿದ್ರು. ನಿನ್ನ ಬಿ.ಎಡ್. ಸರ್ಟಿಫಿಕೇಟು, ನಿನ್ನ ಹಳೇ ಪಾಸ್‌ಪೋರ್ಟು ಅವ್ವನ ಟ್ರಂಕಿನ್ಯಾಗ ಸುಮ್ಮ ಬಿದ್ದಿದ್ವು. ಫೋಟೋ ಒಂದು ಬದಲಿ ಮಾಡ್ಸಿದ್ವಿ. ಅಷ್ಟ."

"ಸರ್ಟಿಫಿಕೇಟು ಗೆದ್ದಲು ತಿಂದ್ವು ಅಂದಿದ್ರಲ್ಲ?"

"ಅದು ಅವ್ವ ಅಂದದ್ದು."

"ಅಂದ್ರ ಆಕಿ ಇಲ್ಲೆ ನನ್ನ ತವರಿನ ಹೆಸರು ಇಟ್ಕೊಂಡು, ಕಲ್ಯಾಣಿ ಹುನಗುಂದ ಆಗಿ ಇದ್ದಾಳ?"

ಲಕ್ಷ್ಮೀಶ ನೀರು ಕುಡಿದ.

"ನನ್ನ ಹೆಸರು ಕೊಡ್ಲಿಕ್ಕೆ ನಿಮಗ ಯಾರು ಹೇಳಿದ್ರು?"

"ನಿನ್ನ ಹೆಸರು ಭುವನೇಶ್ವರಿ," ಎಂದ ಅವನು, ಮಗುವಿಗೆ ಹೇಳುವ ಹಾಗೆ. "ಆ ಹೆಸರು ಖಾಲಿ ಬಿದ್ದಿತ್ತು. ಮನ್ಯಾಗಿನ ಸಾಮಾನು ಮನ್ಯಾಗಿನವ್ರಿಗೆ ಉಪಯೋಗ ಆತು. ನೀ ಉಡಲಾರದ ಸೀರಿ ಆಕಿಗೆ ಕೊಡೂದಿಲ್ಲೇನು?"

ಅವನು ಹೇಳಿದ್ದರಲ್ಲಿ ಅವರ ಮನೆತನದ ಮಟ್ಟಿಗೆ ತಪ್ಪೇನೂ ಇರಲಿಲ್ಲ ಎನ್ನಬೇಕು. ಆ ಕಡೆ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ಹರಿವಾಣದಲ್ಲಿ ಅಕ್ಕಿ ಹರವಿ, ವರ ತನ್ನ ಬೆರಳಿನ ಉಂಗುರದಿಂದ ಅಕ್ಕಿಯ ಮೇಲೆ ಆ ಹೆಸರು ಬರೆಯುತ್ತಾನೆ. ಹುನಗುಂದ ಮಾಸ್ತರರ ಒಬ್ಬಳೇ ಮಗಳು ಕಲ್ಯಾಣಿ, ಬಿ.ಎಸ್ಸಿ., ಬಿ.ಎಡ್., ಲಕ್ಷ್ಮೀಶನ ಉಂಗುರ ಅಕ್ಕಿಯ ಮೇಲೆ ಅತ್ತಿತ್ತ ಓಡಾಡಿದಷ್ಟು ಹೊತ್ತಿನಲ್ಲಿ ಭುವನೇಶ್ವರಿ ಗಲಗಲಿ ಆಗಿದ್ದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅವಳೂ ನಾಚಿಕೊಂಡು ನಕ್ಕಳು, ಖುಷಿಯಾಗಿಯೇ. ಮರುದಿನ ಆ ಅಕ್ಕಿ ಅನ್ನವಾಗಿ ಬೀಗರ ಹೊಟ್ಟೆ ಸೇರಿತು.

ಅವಳ ಅಪ್ಪ ಲಂಡನ್ನಿನ ವರ ಗೊತ್ತಾದ ಕೂಡಲೇ ಅವಸರ ಮಾಡಿ ಮಗಳ ಹೆಸರಿನಲ್ಲಿ ಪಾಸ್‌ಪೋರ್ಟು ಮಾಡಿಸಿಟ್ಟಿದ್ದರು. ಗಂಡನ ಮನೆಯವರು ಅದು ಬೇಡವೆಂದರು. ಹಳೆಯ ಹೆಸರನ್ನು ಎಲ್ಲೂ ಎತ್ತದೆ, ಏಜಂಟನಿಗೆ ಹೇಳಿ, ಹೊಸ ಹೆಸರಿನಲ್ಲಿ ಹೊಸದೇ ತೆಗೆಸಿದರು. ಹೆಸರು ಬದಲಾಯಿಸಿದ್ದೇವೆ ಎಂದು ಕೋರ್ಟಿನಲ್ಲಿ ಒಂದು ಮಾತು ಬರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸೊಸೆ ಮನೆಗೆ ಬಂದಾಯಿತಲ್ಲ, ಇನ್ನು ಕೋರ್ಟು ಯಾಕೆ?

ಹೀಗಾಗಿ ಕಲ್ಯಾಣಿ ಟ್ರಂಕಿನಲ್ಲಿ ಉಳಿದಳು. ಭುವನೇಶ್ವರಿ ಲಂಡನ್ನಿಗೆ ಬಂದು, ಸರ್ಟಿಫಿಕೇಟು ಗೆದ್ದಲು ತಿಂದವೆಂಬ ಸುದ್ದಿ ಕೇಳಿ, ಒಂದು ದಿನ ಬಾತ್‌ರೂಮಿನಲ್ಲಿ ಅತ್ತು, ಆಮೇಲೆ ಮಗಳ ಶಾಲೆಯ ಊಟದ ಕೌಂಟರಿನಲ್ಲಿ ಮಕ್ಕಳ ತಟ್ಟೆಗೆ ಬಟಾಣಿ ಬಡಿಸುವ ಕೆಲಸ ಹಿಡಿದಿದ್ದಳು. ಅದೇ ಊರಿನ ಇನ್ನೊಂದು ತುದಿಯಲ್ಲಿ ಅವಳ ಹೆಸರು ಬೋರ್ಡಿನ ಮುಂದೆ ನಿಂತು ಗಣಿತ ಕಲಿಸುತ್ತಿತ್ತು. ಇದನ್ನು ಯೋಚಿಸಿ ಅವಳಿಗೆ ಮೈ ಉರಿಯಿತು. ಉರಿಯದೆ ಏನು ಮಾಡೀತು?

"ನಾ ಪೊಲೀಸ್ರಿಗೆ ಹೇಳ್ತೀನಿ," ಎಂದಳು.

"ಹೇಳು. ಈ ದೇಶದಾಗ ಹೋದ ವರ್ಷ ಹೊಸ ಕಾಯ್ದೆ ಬಂದದ. ಮಂದಿ ಹೆಸರಿನ ಪಾಸ್‌ಪೋರ್ಟು ಉಪಯೋಗ ಮಾಡಿದ್ರ ಹತ್ತು ವರ್ಷ ಜೈಲು. ಶಾಲೂ ಹೋಗ್ತಾಳ, ಕೊಟ್ಟವ ನಾನೂ ಹೋಗ್ತೀನಿ. ನೀ ಹಳೇ ಹೆಸರು ಮುಚ್ಚಿಟ್ಟು ಪಾಸ್‌ಪೋರ್ಟು ತಗೊಂಡೀದಿ, ನಿನ್ನೂ ಬಿಡಾಂಗಿಲ್ಲ. ಅಂಕಿತಾನ್ನ ಸರಕಾರದ ಕೌನ್ಸಿಲ್‌ನವ್ರು ಬಂದು ಕರ್ಕೊಂಡು ಹೋಗ್ತಾರ. ಹೇಳಿ ಬಾ ಹೋಗು."

ಇಷ್ಟು ವಿವರ ಅವನಿಗೆ ಬಾಯಿಪಾಠವಾಗಿತ್ತು. ಅಂದರೆ ಅವನು ಈ ದಿನಕ್ಕಾಗಿ ಮೊದಲೇ ತಯಾರಾಗಿದ್ದ. ಹೊಸ ಕಾಯ್ದೆಗಿಂತ ಈ ತಯಾರಿಯೇ ಅವಳನ್ನು ಹೆಚ್ಚು ಹೆದರಿಸಿತು.

ಸ್ಟ್ಯಾನ್ಮೋರಿನಲ್ಲಿ ಉಮಾಶಂಕರ ಎಂಬ ಬೆಂಗಳೂರಿನ ವಕೀಲರಿದ್ದರು. ಯುಗಾದಿಯ ಕೂಟದಲ್ಲಿ ಒಂದೆರಡು ಸಲ ಮಾತಾಡಿಸಿದ ಪರಿಚಯ. ಗಂಡನಿಗೆ ಹೇಳದೆ ಭುವನೇಶ್ವರಿ ಅವರ ಮನೆಗೆ ಹೋದಳು. ಅವರು ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಯಜಮಾನರು ಹೇಳಿದ್ದು ಅರ್ಧ ನಿಜ ಮೇಡಂ. ದುರುದ್ದೇಶದಿಂದ ಇಟ್ಕೊಂಡಿದ್ರೆ ಹತ್ತು ವರ್ಷದ ತನಕ ಹಾಕಬಹುದು. ಉದ್ದೇಶ ಏನೂ ಇಲ್ಲ, ಆದ್ರೆ ಬೇರೆಯವರ ಪಾಸ್‌ಪೋರ್ಟು ನಿಮ್ಮ ಹತ್ರ ಯಾಕಿದೆ ಅನ್ನೋದಕ್ಕೆ ಸರಿಯಾದ ಕಾರಣ ಕೊಡಕ್ಕಾಗಲ್ಲ ಅಂದ್ರೂ ಎರಡು ವರ್ಷದ ತನಕ ಇದೆ. ಆದ್ರೆ ನೀವು ಇದ್ರಲ್ಲಿ ನೊಂದವರು. ಕದ್ದವರಲ್ಲ."

"ಹಂಗಂತ ಅವ್ರು ನಂಬ್ತಾರಾ?"

"ಅಲ್ಲೇ ಇರೋದು ಕಷ್ಟ. ಕಾಗದದ ಪ್ರಕಾರ ಕಲ್ಯಾಣಿ ಅಂದ್ರೆ ಆ ಟೂಟಿಂಗಿನ ಹೆಂಗಸು. ಟ್ಯಾಕ್ಸ್ ಕಟ್ಟಿದ್ದಾಳೆ, ಜಿಪಿ ಡಾಕ್ಟರ ಹತ್ರ ಹೋಗಿದ್ದಾಳೆ, ಕೆಲಸ ಮಾಡ್ತಿದ್ದಾಳೆ. ನೀವು ಕಲ್ಯಾಣಿ ಆಗಿದ್ರಿ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?"

ಭುವನೇಶ್ವರಿ ಯೋಚಿಸಿದಳು. ಅವಳ ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಒಡಹುಟ್ಟಿದವರು ಯಾರೂ ಇರಲಿಲ್ಲ. ಹೆಸರು ಬದಲಾದದ್ದಕ್ಕೆ ಇದ್ದ ಒಂದೇ ಬರಹ ಅಕ್ಕಿಯ ಮೇಲಿನದು. ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು. ಹೇಳಿದಳು.

ಉಮಾಶಂಕರ ನಗಲಿಲ್ಲ. "ಧಾರವಾಡದ ಕಾಲೇಜಿನಿಂದ ಹಳೇ ಫೋಟೋ, ದಾಖಲೆ ತರಿಸೋಣ. ಸ್ವಲ್ಪ ಸಮಯ ಹಿಡಿಯುತ್ತೆ. ಆದ್ರೆ ನೀವು ಮಾತ್ರ ತಡ ಮಾಡಬೇಡಿ. ಇಂಥ ಕೇಸಲ್ಲಿ ಮೊದಲು ಬಾಗಿಲು ಬಡಿದವರ ಮಾತಿಗೇ ಜಾಸ್ತಿ ತೂಕ. ನಾಳೆನೇ ಬನ್ನಿ, ನಾನೇ ಜೊತೆಗೆ ಸ್ಟೇಷನ್ನಿಗೆ ಬರ್ತೀನಿ."

ಮರುದಿನ ಅವಳು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಗಂಡನನ್ನು ಜೈಲಿಗೆ ಕಳಿಸಲು ಕಾಲು ಏಳಬೇಕಲ್ಲ. ಬೆಳಿಗ್ಗೆ ಎದ್ದು ಇವತ್ತು ಹೋಗೇ ಬಿಡುತ್ತೇನೆ ಎಂದುಕೊಳ್ಳುವಳು. ಅಷ್ಟರಲ್ಲಿ ಅವನು ಅಂಕಿತಾಳ ಜಡೆ ಹೆಣೆಯುತ್ತ ಕೂತಿರುವುದು ಕಾಣುವುದು, ಮನಸ್ಸು ಹಿಂಜರಿಯುವುದು. ಅವನ ಮೇಲೆ ಅವಳಿಗೆ ಸಿಟ್ಟಿತ್ತು. ಪ್ರೀತಿಯೂ ಸತ್ತಿರಲಿಲ್ಲ, ಅದೇ ಅವಳ ಪಾಲಿನ ಕರ್ಮ.

ಈ ನಡುವೆ ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಆಗತೊಡಗಿದವು. ಕಪಾಟಿನ ಮೇಲಿದ್ದ ಅವಳ ತವರಿನ ಫೋಟೋ ಆಲ್ಬಂ ಕಾಣೆಯಾಯಿತು. ಬೈಂಡಿಂಗಿಗೆ ಕೊಟ್ಟಿದ್ದೇನೆ ಎಂದ ಲಕ್ಷ್ಮೀಶ. ಮೊದಲು ಹಬ್ಬಕ್ಕೊಮ್ಮೆ ಬರುತ್ತಿದ್ದ ಶಾಲ್ಮಲಾ ಈಗ ಪ್ರತಿ ಶನಿವಾರ ಬಂದಳು. ವೈನಿಯ ಕಾಲು ಹಿಡಿದು ಅತ್ತಳು, ತಪ್ಪಾಯಿತು ಎಂದಳು. ಆಮೇಲೆ ರೊಟ್ಟಿ ಬಡಿಯಲು ಪಕ್ಕದಲ್ಲೇ ಕೂತಳು.

"ವೈನಿ, ನಿಮ್ಮ ಅಜ್ಜಿ ಹೆಸರೇನು? ತಂದೆಯವ್ರು ಯಾವ ಸಾಲಿಯೊಳಗ ಇದ್ರು?" ಎಂದು ಕೇಳುವಳು. ಸಣ್ಣವಳಿದ್ದಾಗ ಯಾವ ಓಣಿಯಲ್ಲಿ ಬಾಡಿಗೆಗೆ ಇದ್ದಿರಿ, ಬಿದ್ದು ಕೈ ಮುರಿದುಕೊಂಡದ್ದು ಎಲ್ಲಿ, ಕಾಲೇಜಿನಲ್ಲಿ ನಿಮಗೆ ಬೀಜಗಣಿತ ಕಲಿಸಿದವರು ಯಾರು? ಭುವನೇಶ್ವರಿ ಹಿಟ್ಟು ನಾದುತ್ತ ಒಂದೊಂದನ್ನೇ ಹೇಳಿದಳು. ತವರಿನ ಮಾತು ಕೇಳುವವರೇ ಇಲ್ಲದ ಊರಿನಲ್ಲಿ ಕೇಳುವವಳೊಬ್ಬಳು ಸಿಕ್ಕರೆ ಯಾವ ಹೆಣ್ಣು ಬಾಯಿ ಮುಚ್ಚಿಕೊಂಡಿರುತ್ತಾಳೆ? ಹೇಳಿ ಹೇಳಿ, ಅಪ್ಪ ಅವಳನ್ನು ಮುದ್ದಿನಿಂದ ಏನೆಂದು ಕರೆಯುತ್ತಿದ್ದರು ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಶಾಲ್ಮಲಾಳ ತುಟಿಗಳು ಪಾಠ ಒಪ್ಪಿಸುವವರ ಹಾಗೆ ಅಲ್ಲಾಡುತ್ತಿದ್ದವು. ಭುವನೇಶ್ವರಿ ಮಾತು ತಿರುಗಿಸಿ ಒಲೆಯ ಕಡೆ ಎದ್ದು ಹೋದಳು.

ಸೋಮವಾರ ಉಮಾಶಂಕರರ ಬಳಿಗೆ ಹೋಗಿಯೇ ತೀರುವುದೆಂದು ಆ ವಾರ ನಿಶ್ಚಯಿಸಿದಳು. ಭಾನುವಾರ ದಸರಾ ಇತ್ತು.

ಅವರ ಕಡೆ ದಸರಾ ದಿನ ಬನ್ನಿ ಕೊಡುತ್ತಾರೆ. ಬನ್ನಿಯ ಎಲೆ ಕೈಗಿಟ್ಟು, ಬಂಗಾರದ ಹಾಗಿರೋಣ ಎಂದು ಹೇಳಿ, ಹಳೆಯ ಜಗಳ ಮುಗಿಸುತ್ತಾರೆ. ಬನ್ನಿ ಬೇಡ ಎನ್ನುವವರಿಲ್ಲ. ವೈರಿ ಕೊಟ್ಟರೂ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳಬೇಕು. ಲಂಡನ್ನಿನಲ್ಲಿ ಬನ್ನಿ ಎಲ್ಲಿಂದ ಬರಬೇಕು? ಧಾರವಾಡದಿಂದ ಯಾರೋ ತಂದಿದ್ದ ಒಣಗಿದ ಎಲೆಗಳು ದೇವರ ಮುಂದಿನ ಬಟ್ಟಲಿನಲ್ಲಿದ್ದವು. ಪೂಜೆ ಮುಗಿದ ಮೇಲೆ ಲಕ್ಷ್ಮೀಶ ನಾಲ್ಕು ಎಲೆ ತೆಗೆದು ಹೆಂಡತಿಯ ಕೈಗಿಟ್ಟ. ಎಲೆಯ ಕೆಳಗೆ ಒಂದು ಹಳೆಯ ಪಾಸ್‌ಪೋರ್ಟು ಇತ್ತು.

"ಬನ್ನಿ ತಗೊಂಡು ಬಂಗಾರದಂಗ ಇರೋಣು, ಭುವನಾ. ತಗೋ, ನಿನ್ನ ಹೆಸರು ನಿನಗ ವಾಪಸ್. ದೀಪಾವಳಿ ಆದ ಮ್ಯಾಲೆ ಶಾಲೂ ನೌಕರಿ ಬಿಟ್ಟು ಧಾರವಾಡಕ್ಕ ಹೋಗ್ತಾಳ. ಆಮ್ಯಾಲೆ ನಾವಿಬ್ರೂ ವಕೀಲರ ಕಡೆ ಹೋಗಿ ಎಲ್ಲಾ ಸರಿ ಮಾಡ್ಸೋಣು. ಅಲ್ಲೀತನಕ ಸುಮ್ಮಿರು."

ಭುವನೇಶ್ವರಿ ಎರಡೂ ಕೈಯಿಂದ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು. ಒಳಗೆ ಅಂಟಿಸಿದ್ದ ಫೋಟೋ ಶಾಲ್ಮಲಾಳದು. ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿದಳು. ಕೈಬರಹದಲ್ಲಿ ಕಲ್ಯಾಣಿ ಎಂದಿತ್ತು. ಕೊನೆಯ ಪುಟದಲ್ಲಿ ಅಪ್ಪನ ಹೆಸರಿತ್ತು, ಅವ್ವನ ಹೆಸರಿತ್ತು. ನಿಂತಲ್ಲೇ ಅತ್ತುಬಿಟ್ಟಳು. ಗಂಡ ಕೊನೆಗೂ ಗಂಡನಾದ ಎಂದು ಹಿಗ್ಗಿದಳು. ವಕೀಲರು ಕನ್ನಡಕ ತೆಗೆದಿಟ್ಟು ಹೇಳಿದ ಮಾತು ಆ ಹಿಗ್ಗಿನಲ್ಲಿ ಎಲ್ಲಿ ನೆನಪಾಗಬೇಕು? ಪಾಸ್‌ಪೋರ್ಟನ್ನು ರೇಷ್ಮೆ ಸೀರೆಗಳ ಅಡಿಯಲ್ಲಿ ಜೋಪಾನ ಮಾಡಿದಳು. ಸೋಮವಾರ ಸ್ಟ್ಯಾನ್ಮೋರಿಗೆ ಹೋಗಲಿಲ್ಲ.

ಅದು ಶಾಲೆಯ ಹಾಫ್‌ಟರ್ಮ್ ರಜೆಯ ವಾರ. ಮಂಗಳವಾರ ಬೆಳಿಗ್ಗೆ ಅಂಕಿತಾ ಟಿವಿ ಮುಂದಿದ್ದಳು. ಯಾವ ಕಾರಣಕ್ಕೂ ರಜೆ ಹಾಕದ ಲಕ್ಷ್ಮೀಶ ಅಂದು ಮನೆಯಲ್ಲೇ ಇದ್ದ. ಬಾಗಿಲ ಬೆಲ್ಲು ಆದಾಗ ಅವನೇ ಹೋಗಿ ತೆಗೆದ. ಸಾದಾ ಬಟ್ಟೆಯಲ್ಲಿದ್ದ ಇಬ್ಬರು ಪೊಲೀಸರು, ಒಬ್ಬ ಗಂಡಸು, ಒಬ್ಬ ಹೆಂಗಸು, ಕಾಲೊರೆಸಿಕೊಂಡು ಒಳಗೆ ಬಂದರು.

ಹೆಂಗಸು ಅಧಿಕಾರಿ ಮೆತ್ತಗಿನ ದನಿಯಲ್ಲಿ ವಿಷಯ ಹೇಳಿದಳು. ಟೂಟಿಂಗಿನ ಶಾಲೆಯೊಂದರ ಶಿಕ್ಷಕಿ ದೂರು ಕೊಟ್ಟಿದ್ದಾರೆ. ಅವರ ಹಳೆಯ ಪಾಸ್‌ಪೋರ್ಟು ಕಳವಾಗಿದೆ. ಪರಿಚಯದ ಮನೆಯ ಹೆಂಗಸೊಬ್ಬರು ಕೆಲವು ತಿಂಗಳಿಂದ ಅವರ ಹೆಸರು ತನ್ನದೆಂದು ಹೇಳಿಕೊಂಡು ಓಡಾಡುತ್ತಿದ್ದಾರಂತೆ. ಒಮ್ಮೆ ಮನೆ ನೋಡಬಹುದೇ?

"ನೋಡಿ," ಎಂದ ಲಕ್ಷ್ಮೀಶ ಇಂಗ್ಲಿಷಿನಲ್ಲಿ. ತಲೆ ತಗ್ಗಿಸಿಕೊಂಡು, ದುಃಖದಲ್ಲಿರುವವನ ಹಾಗೆ, ಮಲಗುವ ಕೋಣೆಯ ದಾರಿ ತೋರಿಸಿದ.

ಭುವನೇಶ್ವರಿಗೆ ಎಲ್ಲ ತಿಳಿಯಿತು. ಅವಳು ತಡಮಾಡಿದ ಒಂದೊಂದು ದಿನವನ್ನೂ ಅವರಿಬ್ಬರು ಕೂಡಿ ಬಳಸಿಕೊಂಡಿದ್ದರು.

ಅಧಿಕಾರಿಣಿ ಸೀರೆಗಳ ಅಡಿಯಿಂದ ಪಾಸ್‌ಪೋರ್ಟು ತೆಗೆದು ಬಿಚ್ಚಿ ಹಿಡಿದಳು. "ಇದು ನಿಮ್ಮದೇ?"

"ನನ್ನದೇ. ನಮ್ಮಪ್ಪ ಮಾಡಿಸಿದ್ದು."

"ಈ ಫೋಟೋದಲ್ಲಿರುವುದು ನೀವೇ?"

"ಅಲ್ಲ. ಅವಳು ನನ್ನ ಗಂಡನ ತಂಗಿ. ಅವಳ ಹೆಸರು ಶಾಲ್ಮಲಾ. ಗಂಡನನ್ನೇ ಕೇಳಿ."

ಅಧಿಕಾರಿಣಿ ಲಕ್ಷ್ಮೀಶನ ಕಡೆ ತಿರುಗಿದಳು. ಅವನು ಹೆಂಡತಿಯ ಮುಖ ನೋಡಲಿಲ್ಲ. ಕಿಟಕಿಯ ಹೊರಗೆ ನೋಡಿದ. ಅದಕ್ಕೆ ಅವನಿಗೆ ನಾಚಿಕೆಯಾಗಿತ್ತು ಎಂದು ತಿಳಿಯಬೇಕೋ, ಧೈರ್ಯ ಸಾಲಲಿಲ್ಲ ಎಂದು ತಿಳಿಯಬೇಕೋ.

"ಕಲ್ಯಾಣಿಯವರು ನಮ್ಮ ಊರಿನ ಕಡೆಯವರು, ಪರಿಚಯಸ್ಥರು. ನನ್ನ ಹೆಂಡತಿಗೆ ಇತ್ತೀಚೆಗೆ ಮನಸ್ಸು ಸರಿಯಿಲ್ಲ," ಎಂದ.

"ಮದುವೆಗೆ ಮೊದಲು ಇವರ ಹೆಸರು?"

"ಭುವನೇಶ್ವರಿ. ಮೊದಲಿನಿಂದಲೂ."

ಅಷ್ಟರಲ್ಲಿ ಸದ್ದು ಕೇಳಿ ಅಂಕಿತಾ ಬಾಗಿಲಿಗೆ ಬಂದು ನಿಂತಿದ್ದಳು. ಅಧಿಕಾರಿಣಿ ಮೊಣಕಾಲೂರಿ ಕೂತು ಅವಳಿಗೆ ಫೋಟೋ ತೋರಿಸಿದಳು. ಇವರು ಗೊತ್ತೇ ಪುಟ್ಟಿ?

"ಶಾಲೂ ಆಂಟಿ," ಎಂದಳು ಅಂಕಿತಾ.

"ನಮ್ಮಲ್ಲಿ ಎಲ್ಲರೂ ಆಂಟಿಯೇ. ಶಾಲೂ ಅನ್ನೋದು ಮುದ್ದಿನ ಹೆಸರು," ಎಂದು ಲಕ್ಷ್ಮೀಶ ಮೆಲ್ಲಗೆ ನಕ್ಕ. ಅಧಿಕಾರಿಣಿಗೂ ಅದು ಗೊತ್ತಿದ್ದ ವಿಷಯವೇ. ತಲೆಯಾಡಿಸಿದಳು.

"ಮತ್ತೆ ನಿನ್ನ ಮಮ್ಮಿಗೆ? ಅವರಿಗೆ ಬೇರೆ ಯಾವುದಾದರೂ ಹೆಸರಿದೆಯೇ?"

ಅಂಕಿತಾ ಅಮ್ಮನನ್ನು ನೋಡಿದಳು. ಸಹಾಯ ಮಾಡಬೇಕೆಂಬ ಆಸೆ ಆ ಮುಖದಲ್ಲಿ ತುಂಬಿ ತುಳುಕುತ್ತಿತ್ತು. "ನೋ. ಜಸ್ಟ್ ಭುವನೇಶ್ವರಿ," ಎಂದಳು. ಶಾಲೆಯಲ್ಲಿ ಎಲ್ಲರೂ ತಪ್ಪು ಬರೆಯುತ್ತಾರೆಂದು ಅದರ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು.

ಹುಡುಗಿ ಸುಳ್ಳು ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದೇ ಅಷ್ಟು. ಇಷ್ಟು ವರ್ಷಗಳಲ್ಲಿ ಭುವನೇಶ್ವರಿ ಮಗಳಿಗೆ ಧಾರವಾಡದ ಪೇಡೆಯ ಕಥೆ ಹೇಳಿದ್ದಳು, ಅಪ್ಪನ ಕೊಡೆಯ ಕಥೆ ಹೇಳಿದ್ದಳು, ತನಗೊಂದು ಹೆಸರಿತ್ತು ಎಂದು ಮಾತ್ರ ಹೇಳಿರಲಿಲ್ಲ. ಹೇಳಿ ಏನು ಪ್ರಯೋಜನ ಎಂದುಕೊಂಡಿದ್ದಳು. ಗಂಡನ ಮಾತಿಗೆ ಬಾರದ ಅಳು ಅವಳಿಗೆ ಈಗ ಬಂತು.

ಜೊತೆಗಿದ್ದ ಅಧಿಕಾರಿ ಏರಿಳಿತವಿಲ್ಲದ ದನಿಯಲ್ಲಿ ಕಾಯ್ದೆ ಹೇಳಿದ. ಬೇರೆಯವರ ಗುರುತಿನ ದಾಖಲೆ ಇಟ್ಟುಕೊಂಡದ್ದಕ್ಕೆ ಅವಳನ್ನು ಬಂಧಿಸಲಾಗುತ್ತಿದೆ. ಬಳಸುವ ಉದ್ದೇಶವಿತ್ತೆಂದು ರುಜುವಾತಾದರೆ ಶಿಕ್ಷೆ ಹತ್ತು ವರ್ಷದವರೆಗೆ ಇರಬಹುದು. ಅವಳು ಏನನ್ನೂ ಹೇಳಲೇಬೇಕೆಂದಿಲ್ಲ. ವಕೀಲರಿದ್ದರೆ ಕರೆಸಿಕೊಳ್ಳಬಹುದು. ಅವಳು ಉಮಾಶಂಕರರ ಹೆಸರು ಹೇಳಿದಳು. ಅಧಿಕಾರಿಣಿ ಕೋಟು ತಂದು ಕೊಟ್ಟಳು, ಚಳಿಯಿದೆ ಎಂದಳು.

ಮುಂಬಾಗಿಲ ಹೊರಗೆ ನಿಂತು ಆ ಅಧಿಕಾರಿ ಅವಳ ಪೂರ್ತಿ ಹೆಸರು ಕೇಳಿದ.

ಭುವನೇಶ್ವರಿ ಎಂದರೆ ಇಷ್ಟು ಹೊತ್ತು ಆಡಿದ್ದೆಲ್ಲ ಸುಳ್ಳೆಂದು ತಾನೇ ಒಪ್ಪಿಕೊಂಡ ಹಾಗೆ. ಇನ್ನೊಂದು ಹೆಸರು ಹೇಳಿದರೆ ಯಾವ ಅಪರಾಧಕ್ಕೆ ಹಿಡಿದರೋ ಅದನ್ನೇ ಅವರ ಕಣ್ಣೆದುರು ಮತ್ತೊಮ್ಮೆ ಮಾಡಿದ ಹಾಗೆ. ಅವಳು ಹಿಂದೆ ನೋಡಿದಳು. ಅಂಕಿತಾ ಮೆಟ್ಟಿಲ ಮೇಲೆ ಬರಿಗಾಲಿನಲ್ಲಿ ನಿಂತಿದ್ದಳು. ಅವಳ ಹಿಂದೆ ಲಕ್ಷ್ಮೀಶ.

"ಕಲ್ಯಾಣಿ ಹುನಗುಂದ," ಎಂದಳು, ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ.

ಅಧಿಕಾರಿ ಅವಳ ಮುಖ ನೋಡಿ ಬರೆದುಕೊಂಡ. ಅವಳು ಗೇಟು ದಾಟುವಾಗ ಹಿಂದಿನಿಂದ ಮಗಳ ದನಿ ಕೇಳಿಸಿತು.

"ಡ್ಯಾಡ್, ಹೂ ಈಸ್ ಕಲ್ಯಾಣಿ?"

"ಯಾರೂ ಅಲ್ಲ," ಎಂದು ಲಕ್ಷ್ಮೀಶ ಬಾಗಿಲು ಹಾಕಿಕೊಂಡ.